ಕೊಡಗಿನಲ್ಲಿ ಕುಡಿತ, ಗಾಂಜಾ, ಮಾತ್ರೆಯ ಚಟ ಬಿಡಬೇಕೆಂದರೆ: ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ನಮ್ಮ ಮನೆ ಸೋಮವಾರಪೇಟೆ ಕಡೆ. ಅಣ್ಣನ ಕುಡಿತ ಬಿಡಿಸಲು ಮೂರು ಸಲ ಓಡಾಡಿದೆವು. ಮೊದಲ ಸಲ ದೇವರ ಮುಂದೆ ಆಣೆ ಮಾಡಿಸಿದೆವು. ಎರಡನೇ ಸಲ ಜಿಲ್ಲೆಯ ಹೊರಗಿನ ಒಂದು ಖಾಸಗಿ ಕೇಂದ್ರದಲ್ಲಿ ಬಿಟ್ಟು ಬಂದೆವು. ಮೂರನೇ ಸಲ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋದೆವು. ಮೂರನೆಯದನ್ನೇ ಮೊದಲು ಮಾಡಿದ್ದರೆ ನಾಲ್ಕು ವರ್ಷ, ಒಂದಷ್ಟು ಸಾಲ, ಅಮ್ಮನ ಎರಡು ಬಳೆ ಉಳಿಯುತ್ತಿದ್ದವು.

ಯಾರೂ ಹೇಳಲಿಲ್ಲ. ಕೇಳಲು ನಮಗೂ ನಾಚಿಕೆ. ಹಾಗಾಗಿ ಆಗ ನಮಗೆ ಯಾರಾದರೂ ಹೇಳಬೇಕಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇದು ದೊಡ್ಡವರಿಗೆ, ಅಂದರೆ ಹದಿನೆಂಟು ದಾಟಿದವರಿಗೆ. ಮಕ್ಕಳ ವಿಷಯ ಬೇರೆ, ಕಾನೂನೂ ಬೇರೆ.

ಇದು ಚಟವೋ ಕಾಯಿಲೆಯೋ ಎಂದು ನೋಡಿಕೊಳ್ಳುವುದು

ಕೊಡಗಿನಲ್ಲಿ ಇದನ್ನು ಹೇಳುವುದು ಕಷ್ಟ. ಮದುವೆಗೆ ಬೇಕು, ಕೈಲ್ ಪೊಳ್ದ್ ಹಬ್ಬಕ್ಕೆ ಬೇಕು, ಮಳೆಗೆ ಬೇಕು, ಚಳಿಗೆ ಬೇಕು. ಮನೆಯಲ್ಲೇ ಮಾಡಿದ ವೈನ್ ಅಂತೂ ಲೆಕ್ಕಕ್ಕೇ ಇಲ್ಲ, ಅದು 'ಜ್ಯೂಸ್'. ಎಲ್ಲರೂ ಕುಡಿಯುವ ಊರಲ್ಲಿ ಒಬ್ಬನನ್ನು ತೋರಿಸಿ ಇವನಿಗೆ ಕಾಯಿಲೆ ಎಂದರೆ ಜಗಳಕ್ಕೇ ಬರುತ್ತಾರೆ.

ವೈದ್ಯರು ಕೇಳುವ ನಾಲ್ಕು ಪ್ರಶ್ನೆಗಳಿವೆ. ಕಡಿಮೆ ಮಾಡಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ? ಕುಡಿತದ ಬಗ್ಗೆ ಯಾರಾದರೂ ಮಾತಾಡಿದರೆ ಸಿಟ್ಟು ಬರುತ್ತದಾ? ಕುಡಿದ ಮೇಲೆ ತಪ್ಪು ಮಾಡಿದೆ ಅನ್ನಿಸಿದೆಯಾ? ಬೆಳಿಗ್ಗೆ ಎದ್ದ ತಕ್ಷಣ ಕೈ ನಡುಕ ನಿಲ್ಲಿಸಲು ಕುಡಿಯಬೇಕಾಗುತ್ತದಾ? ಎರಡಕ್ಕೆ ಹೌದು ಎಂದರೆ ವೈದ್ಯರನ್ನು ನೋಡುವುದು ಒಳ್ಳೆಯದು. ನಾಲ್ಕನೆಯದಕ್ಕೆ ಹೌದು ಎಂದರೆ ಉಳಿದ ಮೂರನ್ನು ಕೇಳುತ್ತಾ ಕೂರಬೇಡಿ. ಮೈ ಆಗಲೇ ಮದ್ಯಕ್ಕೆ ಒಗ್ಗಿಹೋಗಿದೆ ಎಂದು ಅರ್ಥ.

ಅಳತೆಯೂ ಗೊತ್ತಿರಲಿ. ವಿಸ್ಕಿ, ಬ್ರಾಂದಿ, ರಮ್‌ನ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಂದರೆ ಒಂದು ಕ್ವಾರ್ಟರಿನಲ್ಲಿ (180 ಎಂಎಲ್) 60 ಗ್ರಾಂ. 'ದಿನಾ ಒಂದೇ ಕ್ವಾರ್ಟರ್' ಎನ್ನುವವರು ಆರು ಪೆಗ್ ಹಾಕುತ್ತಿದ್ದಾರೆ.

ಮನೆಯಲ್ಲೇ ದಿಢೀರ್ ನಿಲ್ಲಿಸಬೇಡಿ

ಈ ಲೇಖನದಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನು ಓದಿ.

ಅಣ್ಣ ಆಣೆ ಮಾಡಿದ್ದು ಶುಕ್ರವಾರ. ಶನಿವಾರ ಬೆವರು, ನಡುಕ, ವಾಂತಿ. ಚಟ ಇಳಿಯುತ್ತಿದೆ, ಒಳ್ಳೆಯದೇ ಅಂದುಕೊಂಡೆವು. ಭಾನುವಾರ ರಾತ್ರಿ ಅಂಗಳದ ಕಡೆ ನೋಡುತ್ತಾ, 'ಯಾರು ಅದು, ಕಾಫಿ ಗಿಡದ ಮಧ್ಯೆ ಇಷ್ಟು ಜನ ಯಾಕೆ ನಿಂತಿದ್ದಾರೆ' ಅಂದ. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಫಿಟ್ಸ್ ಬಂತು. ಪಕ್ಕದ ಮನೆಯವರು ಕೈಗೆ ಬೀಗದ ಕೈ ಹಿಡಿಸಿದರು. ಹೊರಗೆ ಧೋ ಅಂತ ಮಳೆ, ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಜೀಪು ಸಿಗಲು ಒಂದೂವರೆ ಗಂಟೆ.

ಇದು ದೆವ್ವವಲ್ಲ, ಆಣೆ ತಪ್ಪಿದ್ದಕ್ಕೆ ಸಿಕ್ಕ ಶಿಕ್ಷೆಯೂ ಅಲ್ಲ. ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು ಮದ್ಯ ಇದೆ ಎಂಬ ಲೆಕ್ಕದಲ್ಲೇ ಓಡುತ್ತಿರುತ್ತದೆ. ತಟ್ಟನೆ ನಿಲ್ಲಿಸಿದರೆ ಹಿಡಿತ ತಪ್ಪುತ್ತದೆ. ಕೊನೆಯ ಪೆಗ್ ಆದ ಆರೆಂಟು ಗಂಟೆಗೆ ನಡುಕ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಹಗಲು ರಾತ್ರಿ ಗೊತ್ತಾಗುವುದಿಲ್ಲ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಆಸ್ಪತ್ರೆಯಲ್ಲಿ ಇದನ್ನು ತಡೆಯುವ ಮಾತ್ರೆಗಳಿವೆ. ದಿನ ದಿನಕ್ಕೆ ಕಡಿಮೆ ಮಾಡುತ್ತಾ ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನದೊಳಗೆ ನಿಲ್ಲಿಸುತ್ತಾರೆ.

ಇನ್ನೊಂದು ಮುಖ್ಯ ಮದ್ದು ಥಯಾಮಿನ್, ಅಂದರೆ ಬಿ1 ವಿಟಮಿನ್. ಜಾಸ್ತಿ ಕುಡಿದು ಕಡಿಮೆ ಉಣ್ಣುವವರಲ್ಲಿ ಇದು ಬರಿದಾಗಿರುತ್ತದೆ. ಅದಿಲ್ಲದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. 'ಸುಸ್ತಾಗಿದ್ದಾನೆ, ಒಂದು ಬಾಟಲಿ ಹಾಕಿಬಿಡಿ' ಎಂದು ಎಲ್ಲೋ ಒಂದು ಕಡೆ ಡ್ರಿಪ್ ಹಾಕಿಸುವ ಅಭ್ಯಾಸ ನಮ್ಮಲ್ಲಿ ಇದೆ ಅಲ್ವಾ? ಹಾಕುವ ಮೊದಲು, 'ದಿನಾ ಕುಡಿಯುತ್ತಾರೆ' ಎಂದು ಬಾಯಿ ಬಿಟ್ಟು ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ.

ಫಿಟ್ಸ್, ಇಲ್ಲದ್ದು ಕಾಣುವುದು, ರಕ್ತ ವಾಂತಿ, ಮಾತು ತೊದಲುವುದು, ನಡೆಯುವಾಗ ತೂರಾಡುವುದು (ಕುಡಿಯದೇ ಇರುವಾಗ!) ಕಂಡರೆ 108ಕ್ಕೆ ಫೋನ್ ಮಾಡಿ. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಇಡಿ. ಬಾಯಿಗೆ ಏನೂ ತುರುಕಬೇಡಿ. ಬೀಗದ ಕೈಯನ್ನು ಬೀಗಕ್ಕೇ ಇಟ್ಟುಕೊಳ್ಳಿ.

ನಿದ್ದೆ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದವರಿಗೂ ಇದೇ ಮಾತು. ತಟ್ಟನೆ ಬಿಟ್ಟರೆ ಅವರಿಗೂ ಫಿಟ್ಸ್ ಬರಬಹುದು.

ಮೊದಲ ಫೋನ್

ಆಸ್ಪತ್ರೆಗೆ ಹೋಗಲು ಧೈರ್ಯ ಸಾಲದಿದ್ದರೆ ಫೋನಿನಿಂದ ಶುರು ಮಾಡಿ. 14416 ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಸೇವೆ, ಇಪ್ಪತ್ತನಾಲ್ಕು ಗಂಟೆಯೂ ಉಚಿತ. ಕನ್ನಡದಲ್ಲಿ ಮಾತಾಡುತ್ತಾರೆ. ಬೇರೆ ಭಾಷೆಗಳೂ ಇವೆ, ಹಾಗಾಗಿ ತೋಟಕ್ಕೆ ಬಂದ ಅಸ್ಸಾಂ, ಜಾರ್ಖಂಡ್ ಕಡೆಯ ಕೆಲಸದವರಿಗೂ ಈ ನಂಬರ್ ಕೊಡಬಹುದು. 14446 ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ತಂಬಾಕು, ಬೀಡಿ, ಗುಟ್ಕಾ ಬಿಡುವುದಕ್ಕೆ 1800-112-356.

ಫೋನ್ ಮಾಡುವವರು ಕುಡಿಯುವವರೇ ಆಗಬೇಕಿಲ್ಲ. ಹೆಂಡತಿ, ತಂಗಿ, ಮಗ ಯಾರೂ ಮಾಡಬಹುದು. ನಾನು ಮಾಡಿದ್ದು ಕಾಫಿ ಒಣಗಿಸುವ ಕಣದಲ್ಲಿ ನಿಂತು. ಮನೆಯಲ್ಲಿ ಅಲ್ಲೊಂದೇ ಕಡೆ ಸಿಗ್ನಲ್ ಸಿಗುವುದು.

ಎಲ್ಲಿಗೆ ಹೋಗುವುದು

ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ. ವೈದ್ಯಕೀಯ ಕಾಲೇಜು 2016ರಲ್ಲಿ ಬಂತು. ಕಾಲೇಜು ಇದ್ದ ಮೇಲೆ ಮನೋವೈದ್ಯ ವಿಭಾಗವೂ ಇರುತ್ತದೆ. ಓಪಿ ಚೀಟಿ ಮಾಡಿಸುವಾಗ ಕೌಂಟರಿನಲ್ಲಿ 'ಮನೋವೈದ್ಯರು' ಅಥವಾ 'ಸೈಕಿಯಾಟ್ರಿ' ಎನ್ನಿ. 'ಹೊಟ್ಟೆನೋವು' ಎಂದು ಸುಳ್ಳು ಹೇಳಿ ಬೇರೆ ಸಾಲಲ್ಲಿ ನಿಂತು ಅರ್ಧ ದಿನ ಕಳೆದವರು ನಾವೇ.

ಅಲ್ಲಿ ನಿಂತಿದ್ದಾಗ ಊರಿನವರು ಯಾರಾದರೂ ಕಂಡರೆ ಎಂಬ ಭಯ ಎಲ್ಲರಿಗೂ ಇದೆ. ಕೊಡಗು ಚಿಕ್ಕ ಜಿಲ್ಲೆ, ಎರಡು ಮಾತಾಡುವಷ್ಟರಲ್ಲಿ ಮನೆ ಹೆಸರು ಗೊತ್ತಾಗಿಬಿಡುತ್ತದೆ. ನಿಜ ಹೇಳಬೇಕೆಂದರೆ ನಮಗೂ ಒಬ್ಬರು ಸಿಕ್ಕರು. ಅವರು ತಮ್ಮ ಭಾವನನ್ನು ಕರೆದುಕೊಂಡು ಬಂದಿದ್ದರು.

ಮಡಿಕೇರಿ ದೂರ ಎನ್ನುವವರಿಗೆ ತಾಲ್ಲೂಕು ಆಸ್ಪತ್ರೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ತಂಡ ಪ್ರತಿ ಜಿಲ್ಲೆಯಲ್ಲೂ ಇರುತ್ತದೆ. ರಾಜ್ಯ ಸರ್ಕಾರದ 'ಮನೋಚೈತನ್ಯ' ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ವ್ಯವಸ್ಥೆ ಮಾಡಲಾಗಿತ್ತು. ನಿಮ್ಮ ತಾಲ್ಲೂಕಿಗೆ ಈಗ ಯಾವ ವಾರ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಹೊರಡುವ ಮೊದಲು ಕೇಳಿಕೊಳ್ಳಿ. ನಿಮ್ಮ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ, ಇಲ್ಲದಿದ್ದರೆ ಕೇಳಿ ಹೇಳುತ್ತಾರೆ. ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ವಸತಿಗಳಲ್ಲಿ ಇರುವವರಿಗಂತೂ ಆಶಾ ಮೂಲಕ ಹೋಗುವುದೇ ಸುಲಭ. ಒಂದು ಬಸ್ಸಿಗಾಗಿ ಒಂದು ದಿನದ ಕೂಲಿ ಕಳೆದುಕೊಳ್ಳುವವರಿಗೆ ಎರಡು ಸಲ ಅಲೆದಾಡಿಸಬಾರದು.

ಲಿವರ್ ತೀರಾ ಕೆಟ್ಟಿದ್ದರೆ, ಅಥವಾ ಬೇರೆ ಮಾನಸಿಕ ಕಾಯಿಲೆಯೂ ಜೊತೆಗಿದ್ದರೆ ಮೈಸೂರಿಗೆ ಬರೆದುಕೊಡಬಹುದು. ಅಲ್ಲಿ ಕೆ.ಆರ್. ಆಸ್ಪತ್ರೆ ಸರ್ಕಾರದ್ದು, ಜೆಎಸ್ಎಸ್ ಖಾಸಗಿ. ಸಂಪಾಜೆ ಕಡೆಯವರಿಗೆ ಮಂಗಳೂರು ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರ ಇದೆ. ನೇರವಾಗಿ ಅಲ್ಲಿಗೇ ಹೋಗಿಬಿಡೋಣ ಅನ್ನಿಸುತ್ತದೆ. ನನ್ನ ಅಭಿಪ್ರಾಯ ಬೇರೆ. ಇದು ವರ್ಷಗಟ್ಟಲೆ ತೋರಿಸಬೇಕಾದ ಕಾಯಿಲೆ. ತಿಂಗಳಿಗೊಮ್ಮೆ ಹೋಗಿ ಬರಲು ಆಗುವಷ್ಟು ಹತ್ತಿರದ ವೈದ್ಯರೇ ಒಳ್ಳೆಯವರು. ದೊಡ್ಡ ಆಸ್ಪತ್ರೆಯಲ್ಲಿ ಶುರು ಮಾಡಿದರೂ ಮುಂದಿನದು ಮಡಿಕೇರಿಯಲ್ಲೋ ತಾಲ್ಲೂಕಲ್ಲೋ ನಡೆಯಲಿ.

ಮಾಜಿ ಸೈನಿಕರ ಮನೆಗಳಿಗೆ ಇಸಿಎಚ್‌ಎಸ್ ಕಾರ್ಡ್ (ಮಾಜಿ ಸೈನಿಕರ ಆರೋಗ್ಯ ಯೋಜನೆಯದ್ದು) ಇರುತ್ತದೆ. ಅವರ ಪಾಲಿಕ್ಲಿನಿಕ್‌ನಲ್ಲಿ ಕೇಳಿದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಇನ್ನೊಂದು ಕಾರ್ಡ್ ಇದೆಯಲ್ಲ, ಕ್ಯಾಂಟೀನ್ ಕಾರ್ಡ್. ಅದರ ಮದ್ಯದ ಕೋಟಾ ತರುವುದನ್ನು ಮೊದಲು ನಿಲ್ಲಿಸಿ. 'ನಾವು ಕುಡಿಯದಿದ್ದರೂ ಕೋಟಾ ಬಿಡಬಾರದು' ಎಂದು ತಂದು ಬೀರುವಿನಲ್ಲಿ ಸಾಲಾಗಿ ಇಟ್ಟ ಮನೆಗಳನ್ನು ನೋಡಿದ್ದೇನೆ.

ಹೊರಡುವ ಹಿಂದಿನ ರಾತ್ರಿ

ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದರೆ ಅದು, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಬಿಪಿ, ಶುಗರ್ ಮಾತ್ರೆಗಳು. ಒಂದು ಕವರಿಗೆ ಹಾಕಿಡಿ. ಖರ್ಚಿನ ವಿಷಯ ಅಡ್ಮಿಟ್ ಮಾಡುವ ಮೊದಲೇ ಕೌಂಟರಿನಲ್ಲಿ ಕೇಳಿ.

ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಏನು ಕುಡಿಯುತ್ತಾರೆ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಫಿಟ್ಸ್ ಬಂದಿದೆಯಾ, ಜೊತೆಗೆ ಗಾಂಜಾ ಅಥವಾ ಮಾತ್ರೆ ಇದೆಯಾ, ಸಾಯುವ ಮಾತು ಆಡಿದ್ದಾರಾ. ವೈದ್ಯರ ಮುಂದೆ ಕುಳಿತಾಗ ಅಣ್ಣ 'ಸಂಜೆ ಸ್ವಲ್ಪ' ಅಂದ. ನಾನು ಹಾಳೆ ಮುಂದಿಟ್ಟೆ. ಅವನು ಸಿಟ್ಟು ಮಾಡಿಕೊಂಡ, ಆದರೆ ಮಾತ್ರೆ ಸರಿಯಾದ ಅಳತೆಯಲ್ಲಿ ಸಿಕ್ಕಿತು.

ಹೊರಡುವ ಬೆಳಿಗ್ಗೆ ನಡುಕ ತಡೆಯಲಾಗದೆ ಸ್ವಲ್ಪ ಹಾಕಿದರೆ ಅದಕ್ಕಾಗಿ ರಂಪ ಮಾಡಿ ಬಸ್ಸು ತಪ್ಪಿಸಿಕೊಳ್ಳಬೇಡಿ. ಕರೆದುಕೊಂಡು ಹೋಗಿ. ವೈದ್ಯರು ಇದನ್ನು ದಿನಾ ನೋಡುತ್ತಾರೆ.

ಅವರು ಬರಲ್ಲ ಅಂದರೆ

ಅರ್ಧಕ್ಕರ್ಧ ಮನೆಗಳು ಸಿಕ್ಕಿಕೊಳ್ಳುವುದು ಇಲ್ಲೇ.

ಕುಡಿದಾಗ ಮಾತಾಡಬೇಡಿ. ಬೆಳಿಗ್ಗೆ, ಕಾಫಿ ಕುಡಿಯುವ ಹೊತ್ತಿನಲ್ಲಿ, ಒಬ್ಬರೇ ಮಾತಾಡಿ. ಇಡೀ ಕುಟುಂಬ ಸುತ್ತ ಕೂತು ಪಂಚಾಯಿತಿ ಮಾಡಿದರೆ ಎದ್ದು ಹೋಗುತ್ತಾರೆ. ನಮ್ಮ ಅತ್ತಿಗೆ ಕುಡಿತದ ಹೆಸರನ್ನೇ ಎತ್ತಲಿಲ್ಲ. 'ರೀ, ರಾತ್ರಿ ನಿಮಗೆ ನಿದ್ದೆ ಇಲ್ಲ. ಕೈ ನಡುಗುತ್ತೆ. ಅದಕ್ಕೊಂದು ಮದ್ದು ತಗೊಂಡು ಬರೋಣ, ನಾನೂ ಬರ್ತೀನಿ' ಅಂದರು. ನಿದ್ದೆಯ ನೆಪದಲ್ಲೇ ಅಣ್ಣ ಹೊರಟದ್ದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ತೊಂದರೆಗಳೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೆ ಬರುತ್ತವೆ. ತಾವಾಗಿ ಬಂದು ಸೇರಿದ ದೊಡ್ಡವರು ತಾವಾಗಿಯೇ ಬಿಡುಗಡೆ ಕೇಳಬಹುದು. ಒಪ್ಪದವರನ್ನು ಸೇರಿಸಲು ದಾರಿ ಇದೆ, ಆದರೆ ಅದು ಕಿರಿದು. ತನ್ನ ಜೀವಕ್ಕೋ ಬೇರೆಯವರಿಗೋ ಅಪಾಯ ಮಾಡುವ ಸ್ಥಿತಿ, ಅಥವಾ ತನ್ನನ್ನೇ ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಮನೆಯವರೊಬ್ಬರು ಪ್ರತಿನಿಧಿಯಾಗಿ ಅರ್ಜಿ ಕೊಡಬೇಕು. ಮೊದಲಿಗೆ 30 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ನಾಲ್ಕು ಜನ ಹಿಡಿದು ವ್ಯಾನಿಗೆ ಹಾಕಿಕೊಂಡು ಹೋಗುವುದು ಈ ದಾರಿ ಅಲ್ಲ.

ಊಟದಲ್ಲಿ ಗೊತ್ತಿಲ್ಲದಂತೆ ಬೆರೆಸಿ ಕೊಡುವ ಪುಡಿಯ ಜಾಹೀರಾತು ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ನೋಡಿರುತ್ತೀರಿ. ಅದನ್ನು ಮುಟ್ಟಬೇಡಿ. ಡೈಸಲ್ಫಿರಾಮ್ ಎಂಬ ನಿಜವಾದ ಮಾತ್ರೆ ಇದೆ. ಅದನ್ನು ನುಂಗಿ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಬಿದ್ದುಹೋಗುತ್ತದೆ. ಹೃದಯದ ತೊಂದರೆ ಇದ್ದವರಿಗೆ ಪ್ರಾಣಕ್ಕೇ ಕುತ್ತು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಇದು ಆಗಬಹುದು. ಆ ಮಾತ್ರೆ ಯಾರಿಗೆ ಕೊಡುತ್ತೀರೋ ಅವರಿಗೆ ಗೊತ್ತಿರಬೇಕು, ಅವರು ಒಪ್ಪಿರಬೇಕು. ಗೊತ್ತಿದ್ದು ತೆಗೆದುಕೊಂಡವರಿಗೆ ಅದು ಬೇಲಿ ಇದ್ದ ಹಾಗೆ. ಕದ್ದು ಕೊಟ್ಟರೆ ವಿಷ.

ಹೊಡೆತ ಬಡಿತ ಇದ್ದರೆ ಅವರು ಬದಲಾಗಲಿ ಎಂದು ಕಾಯಬೇಡಿ. 112 ಪೊಲೀಸ್, 181 ಮಹಿಳಾ ಸಹಾಯವಾಣಿ. ಕುಡಿತ ಕಾಯಿಲೆ ಹೌದು, ಆದರೆ ಹೊಡೆತ ತಿನ್ನುವುದು ಅದರ ಚಿಕಿತ್ಸೆ ಅಲ್ಲ.

ಕೋವಿ ಮತ್ತು ಗೋಡೌನ್

ಬೇರೆ ಜಿಲ್ಲೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿ ಜಮೀನಿನವರಿಗೂ ಬಂದೂಕಿನ ಲೈಸೆನ್ಸ್‌ನಿಂದ ವಿನಾಯಿತಿ ಇರುವ ನಾಡು ನಮ್ಮದು. ಕುಡಿತ ಬಿಡುವ ಮೊದಲ ವಾರಗಳಲ್ಲಿ ನಿದ್ದೆ ಇರುವುದಿಲ್ಲ, ಮನಸ್ಸು ಕುಸಿಯುತ್ತದೆ. ಆಗ ಕೋವಿ ಕೈಗೆ ಸಿಗುವ ಹಾಗೆ ಇರಬಾರದು. ಬೀಗ ಹಾಕಿ, ತೋಟಾಗಳನ್ನು ಬೇರೆ ಇಟ್ಟು, ಕೀಲಿ ಬೇರೆಯವರ ಹತ್ತಿರ ಇರಲಿ. ಪೊಲೀಸ್ ಠಾಣೆಯಲ್ಲಿ ಜಮಾ ಮಾಡುವ ದಾರಿಯೂ ಇದೆ, ಕೇಳಿ ನೋಡಿ. ಗೋಡೌನಿನ ಕೀಟನಾಶಕ, ಕಳೆನಾಶಕಕ್ಕೂ ಇದೇ ನಿಯಮ.

ಖಾಸಗಿ ಕೇಂದ್ರಕ್ಕೆ ಸೇರಿಸುವ ಮೊದಲು

ಎಲ್ಲವೂ ಕೆಟ್ಟವಲ್ಲ. ನಾವು ಸಿಕ್ಕಿಕೊಂಡದ್ದು ಕೆಟ್ಟದ್ದರಲ್ಲಿ. ಮೂರು ತಿಂಗಳ ಹಣ ಮೊದಲೇ ಕಟ್ಟಿಸಿಕೊಂಡರು. ಒಂದು ತಿಂಗಳು ಫೋನಿನಲ್ಲಿ ಮಾತಾಡಲು ಬಿಡಲಿಲ್ಲ. ಹೊರಬಂದಾಗ ಕೈಯಲ್ಲಿ ಡಿಸ್ಚಾರ್ಜ್ ಚೀಟಿ ಇರಲಿಲ್ಲ, ಯಾವ ಮಾತ್ರೆ ಕೊಟ್ಟರು ಎಂಬುದೂ ಗೊತ್ತಿಲ್ಲ. ಬಂದ ಐದನೇ ದಿನ ಅಣ್ಣ ಮತ್ತೆ ಕುಡಿದ.

ಹಾಗಾಗಿ ಒಳಗೆ ಕಾಲಿಡುವ ಮೊದಲು ಕೇಳಿ. ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎನ್ನಿ. ಗೋಡೆಯ ಮೇಲೆ ನೇತು ಹಾಕಿರಬೇಕು. ಮನೋವೈದ್ಯರು ಯಾರು, ವಾರದಲ್ಲಿ ಎಷ್ಟು ದಿನ ಬರುತ್ತಾರೆ? ರಾತ್ರಿ ನರ್ಸ್ ಇರುತ್ತಾರಾ? ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತೀರಿ? ಮನೆಯವರು ಯಾವಾಗ ಬಂದು ನೋಡಬಹುದು? ಮಲಗುವ ಕೋಣೆ, ಅಡುಗೆಮನೆ ತೋರಿಸಲು ಹಿಂದೆ ಮುಂದೆ ನೋಡಿದರೆ ಬಂದ ದಾರಿಯಲ್ಲೇ ವಾಪಸ್ ಬನ್ನಿ. ಸರಪಳಿ ಹಾಕುವುದನ್ನು ಕಾಯ್ದೆ ಯಾವ ರೂಪದಲ್ಲೂ ಒಪ್ಪುವುದಿಲ್ಲ. ಹೊಡೆದರು, ಕಟ್ಟಿಹಾಕಿದರು ಎಂದು ಗೊತ್ತಾದರೆ ಉಚಿತ ಕಾನೂನು ನೆರವಿಗೆ 15100.

ಊರಿನ ಮದ್ಯವರ್ಜನ ಶಿಬಿರ

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಶಿಬಿರಗಳು ನಮ್ಮ ಕಡೆಯೂ ನಡೆಯುತ್ತವೆ. ಸಾಮಾನ್ಯವಾಗಿ ಎಂಟು ದಿನ, ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ. ಊರವರೇ ಸಮಿತಿ ಮಾಡಿ ನಡೆಸುತ್ತಾರೆ. ಯೋಗ, ಭಜನೆ, ಕೌನ್ಸೆಲಿಂಗ್, ಮನೆಯವರನ್ನು ಕೂರಿಸಿ ಮಾತು ಎಲ್ಲ ಇರುತ್ತದೆ. ಮುಗಿದ ಮೇಲೆ ನವಜೀವನ ಸಮಿತಿ ಎಂದು ಗುಂಪು ಮಾಡಿ ಸಭೆ ಸೇರುತ್ತಾರೆ.

ಇದರ ಬಲ ಇರುವುದು ಜೊತೆಯಲ್ಲಿ. ನೂರು ಜನರ ಮುಂದೆ ಹೆಂಡತಿ ಮಕ್ಕಳೊಂದಿಗೆ ನಿಂತವನಿಗೆ ಕಳೆದುಹೋದ ಮರ್ಯಾದೆ ಸ್ವಲ್ಪ ವಾಪಸ್ ಸಿಗುತ್ತದೆ. ಅದು ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಆದರೆ ಬೆಳಿಗ್ಗೆಯೇ ಕುಡಿಯುವವರು, ಹಿಂದೆ ಫಿಟ್ಸ್ ಬಂದವರು, ಕಣ್ಣು ಹಳದಿಯಾದವರು ಶಿಬಿರಕ್ಕೆ ಸೇರುವ ಮೊದಲು ವೈದ್ಯರಿಗೆ ತೋರಿಸಲೇಬೇಕು. ಮೊದಲು ಆಸ್ಪತ್ರೆ, ಆಮೇಲೆ ಶಿಬಿರ ಎಂದು ಮಾಡಿಕೊಂಡರೆ ಎರಡರ ಲಾಭವೂ ಸಿಗುತ್ತದೆ.

ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಸಭೆಗಳದ್ದು ಬೇರೆ ದಾರಿ. ಅಲ್ಲಿ ಶುಲ್ಕ ಇಲ್ಲ, ಹೆಸರು ಹೊರಗೆ ಹೋಗುವುದಿಲ್ಲ, ಕುಡಿತ ಬಿಟ್ಟವರೇ ಸುತ್ತ ಕೂತು ಮಾತಾಡುತ್ತಾರೆ. ಹತ್ತಿರ ಸಭೆ ಇಲ್ಲದಿದ್ದರೆ ಫೋನಿನಲ್ಲೇ ಸೇರುವ ಆನ್‌ಲೈನ್ ಸಭೆಗಳೂ ಇವೆ. ಮನೆಯವರಿಗೆಂದು ಅಲ್-ಅನಾನ್ ಇದೆ. ದೇವರ ಮಾತು ಜಾಸ್ತಿ ಎಂದು ಕೆಲವರಿಗೆ ಹಿಡಿಸುವುದಿಲ್ಲ. ಎರಡು ಮೂರು ಸಭೆಗೆ ಹೋಗಿ ನೋಡಿ ಆಮೇಲೆ ತೀರ್ಮಾನಿಸಿ.

ಗಾಂಜಾ, ಮಾತ್ರೆ, ಪುಡಿ

ಹುಡುಗರ ಮನೆಗಳಲ್ಲಿ ಈಗ ಇದರ ಮಾತೇ ಜಾಸ್ತಿ. ಪೊಲೀಸರ ಭಯದಿಂದ ಆಸ್ಪತ್ರೆಗೆ ಬರುವುದಿಲ್ಲ. ಚಿಕಿತ್ಸೆ ಕೇಳಿ ಬಂದವರನ್ನು ಹಿಡಿದುಕೊಡುವುದು ವೈದ್ಯರ ಕೆಲಸ ಅಲ್ಲ. 1985ರ ಮಾದಕ ವಸ್ತು ಕಾಯ್ದೆಯಲ್ಲಿ 64ಎ ಎಂಬ ಕಲಮು ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಸಿಗಬಹುದು. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಕೇಸ್ ಆಗಿದ್ದರೆ ವಕೀಲರಿಗೆ ಈ ಕಲಮಿನ ಹೆಸರು ಹೇಳಿ ಕೇಳಿ.

ಗಾಂಜಾ ಬಿಟ್ಟಾಗ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಒಂದೆರಡು ವಾರ ಇರುತ್ತದೆ. ಯಾರೋ ಹಿಂಬಾಲಿಸುತ್ತಾರೆ, ಟಿವಿಯಲ್ಲಿ ನನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನಲು ಶುರು ಮಾಡಿದರೆ ತಡಮಾಡದೆ ಮನೋವೈದ್ಯರ ಹತ್ತಿರ ಹೋಗಿ.

ನೋವಿನ ಮಾತ್ರೆ, ಬ್ರೌನ್ ಶುಗರ್‌ನಂಥ ಅಫೀಮಿನ ಜಾತಿಯವಕ್ಕೆ ಬುಪ್ರೆನಾರ್ಫಿನ್ ಎಂಬ ಚಿಕಿತ್ಸೆ ಇದೆ. ಕೆಲವು ತಿಂಗಳಿಂದ ವರ್ಷಗಳವರೆಗೆ ನಡೆಯುತ್ತದೆ. ಒಂದು ಎಚ್ಚರಿಕೆ: ಕೆಲವು ವಾರ ಬಿಟ್ಟಿದ್ದು ಮತ್ತೆ ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಮೈ ಆ ಅಳತೆಯನ್ನು ಮರೆತಿರುತ್ತದೆ. ಚಿಕಿತ್ಸೆ ಮುಗಿಸಿ ಬಂದವರ ಮನೆಯವರಿಗೆ ಇದು ಗೊತ್ತಿರಬೇಕು.

ಹೆಂಗಸರು ಕುಡಿಯುತ್ತಿದ್ದರೆ

ಇದ್ದಾರೆ. ಎಸ್ಟೇಟ್ ಬಂಗಲೆಯಲ್ಲೂ ಇದ್ದಾರೆ, ತೋಟದ ಕೆಲಸದವರ ಲೈನ್ ಮನೆಯಲ್ಲೂ ಇದ್ದಾರೆ. ಗಂಡಸಿಗೆ 'ಪಾಪ, ಚಟ' ಎನ್ನುವ ಊರು ಹೆಂಗಸಿಗೆ ಬೇರೆ ಮಾತು ಹೇಳುತ್ತದೆ. ಅದಕ್ಕೇ ತಡವಾಗಿ ಬರುತ್ತಾರೆ. ಅಷ್ಟೇ ಕುಡಿದರೂ ಹೆಂಗಸರ ಲಿವರ್ ಬೇಗ ಕೆಡುತ್ತದೆ. ಗರ್ಭಿಣಿಯಾಗಿದ್ದರೆ ಮುಚ್ಚಿಡದೆ ಹೇಳಿ, ಆಸ್ಪತ್ರೆಯಲ್ಲೇ ನಿಲ್ಲಿಸಬೇಕಾಗುತ್ತದೆ. ಹೆಂಗಸರಿಗೆ ಬೇರೆ ವಾರ್ಡ್ ಇದೆಯಾ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ವಾರ್ಡಿನಲ್ಲಿ ಏನಾಗುತ್ತದೆ

ದೊಡ್ಡದೇನಿಲ್ಲ. ರಕ್ತ ಪರೀಕ್ಷೆ, ಲಿವರ್ ಪರೀಕ್ಷೆ, ಕೆಲವರಿಗೆ ಹೊಟ್ಟೆಯ ಸ್ಕ್ಯಾನ್. ಸುಮಾರು ಒಂದು ವಾರದಿಂದ ಹತ್ತು ದಿನ. ಮೊದಲ ಮೂರು ದಿನ ಜಾಸ್ತಿ ನಿದ್ದೆ. ಮನೆಯವರೊಬ್ಬರು ಜೊತೆಗಿರಬೇಕಾಗುತ್ತದೆ, ಎರಡು ಸ್ವೆಟರ್ ಇರಲಿ. ನಾಲ್ಕನೇ ದಿನಕ್ಕೆ ಹಸಿವು ಬರುತ್ತದೆ. ಅಣ್ಣ ಅನ್ನ ಕೇಳಿ ಉಂಡದ್ದು ಎಷ್ಟು ತಿಂಗಳ ನಂತರವೋ, ಅಮ್ಮ ಫೋನಿನಲ್ಲಿ ಅದನ್ನೇ ಮೂರು ಸಲ ಕೇಳಿದರು.

ಆಗ ಎಲ್ಲರಿಗೂ ಒಂದು ಭ್ರಮೆ. ವಾಸಿಯಾಯಿತು ಎಂದು. ಮೈಯಿಂದ ಮದ್ಯ ಇಳಿದಿದೆ, ಅಷ್ಟೇ. ಆಸೆ ಇಳಿಯಲು ತುಂಬಾ ಸಮಯ ಬೇಕು. ಡಿಸ್ಚಾರ್ಜ್ ಆಗುವಾಗ ಮೂರು ಕೇಳಿಕೊಳ್ಳಿ: ಯಾವ ಮಾತ್ರೆ ಎಷ್ಟು ದಿನ, ಮುಂದಿನ ಭೇಟಿ ಯಾವತ್ತು, ಮಧ್ಯೆ ಆಸೆ ಬಂದರೆ ಯಾರಿಗೆ ಫೋನ್. ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಬ್ಯಾಕ್ಲೋಫೆನ್‌ನಂಥ ಮಾತ್ರೆಗಳಿವೆ. ಯಾರಿಗೆ ಯಾವುದು ಎಂಬುದು ಲಿವರ್, ಕಿಡ್ನಿ ನೋಡಿ ವೈದ್ಯರು ಹೇಳುವುದು. ಪಕ್ಕದ ಬೆಡ್ಡಿನವರ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಕೊಳ್ಳಬೇಡಿ.

ಮನೆಗೆ ಬಂದ ಮೇಲಿನ ಒಂದು ವರ್ಷ

ಆಸ್ಪತ್ರೆಯ ಹತ್ತು ದಿನಕ್ಕಿಂತ ಇದು ಕಷ್ಟ. ಬಹಳ ಮನೆಗಳು ಇಲ್ಲೇ ಕೈ ಬಿಡುತ್ತವೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಏಮ್ಸ್ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿತ್ತು. ಆ ಒಬ್ಬರಾಗಿ ಮಡಿಕೇರಿಯವರೆಗೆ ಹೋಗಿ ಬಂದವರು ಎರಡನೇ ಭೇಟಿಗೆ ಹೋಗದೆ ನಿಲ್ಲುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ಬಟವಾಡೆ ದಿನ ನೋಡಿಕೊಳ್ಳಿ. ತೋಟದ ಕೆಲಸದವರಿಗೆ ಸಂಬಳ ಕೈಗೆ ಬಂದ ಸಂಜೆಯೇ ದೊಡ್ಡ ಗಂಡಾಂತರ. ಹಣ ಹೆಂಡತಿಯ ಬ್ಯಾಂಕ್ ಖಾತೆಗೆ ಹೋಗುವಂತೆ ಅವರೇ ಒಪ್ಪಿ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿದರೆ ಅರ್ಧ ಕೆಲಸ ಆದಂತೆ. ತೋಟದ ಧಣಿಗಳಿಗೂ ಒಂದು ಮಾತು. ಮಳೆಯಲ್ಲಿ ಕೆಲಸ ಮಾಡಿದ್ದಕ್ಕೆ ಖುಷಿಗೆ ಎಂದು ಮದ್ಯದ ಪ್ಯಾಕೆಟ್ ಕೊಡಿಸಬೇಡಿ, ಬಿಸಿ ಕಾಫಿ ಕೊಡಿ. ಕೆಲಸದವನು ಹತ್ತು ದಿನ ಆಸ್ಪತ್ರೆಗೆ ಎಂದರೆ ರಜೆ ಕೊಡಿ. ಕಾಫಿ ಕೊಯ್ಲು ಮುಗಿಯಲಿ ಎಂದು ಮಾರ್ಚ್‌ವರೆಗೆ ತಳ್ಳಿದವರಲ್ಲಿ ಕೆಲವರು ಮಾರ್ಚ್ ನೋಡಲಿಲ್ಲ.

ಆಮೇಲೆ ಹಬ್ಬ, ಮದುವೆ, ಹಾಕಿ ಪಂದ್ಯ. ಮೊದಲ ಆರು ತಿಂಗಳು ತಪ್ಪಿಸಿಕೊಂಡರೆ ತಪ್ಪಿಲ್ಲ. ಹೋಗಲೇಬೇಕಾದರೆ ಊಟದ ಹೊತ್ತಿಗೆ ಹೋಗಿ, ಊಟ ಮಾಡಿ ಹೊರಡಿ. ಕೈಯಲ್ಲಿ ಒಂದು ಲೋಟ ಜ್ಯೂಸ್ ಇರಲಿ, ಖಾಲಿ ಕೈ ಕಂಡರೆ ಯಾರಾದರೂ ತುಂಬಿಸುತ್ತಾರೆ. 'ಲಿವರ್ ಮಾತ್ರೆ ತಗೊಳ್ತಿದ್ದೀನಿ' ಎಂಬ ಒಂದು ಮಾತು ಸಾಕು, ಮೇಲೆ ವಿವರಣೆ ಬೇಡ. ಗುರು ಕಾರೋಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಮೀದಿ (ಎಡೆ) ಇಡುವ ಮನೆಗಳಲ್ಲಿ ಮದ್ಯ ಸುರಿಯುವ ಕೆಲಸ ಆ ವರ್ಷ ಬೇರೆಯವರು ಮಾಡಲಿ. ಹಿರಿಯರಿಗೆ ಬೇಸರವಾಗಲಿಕ್ಕಿಲ್ಲ.

ಸಂಜೆ ಆರರಿಂದ ಎಂಟು ಖಾಲಿ ಬಿಡಬೇಡಿ. ಅಣ್ಣ ಆ ಹೊತ್ತಿಗೆ ಹಸು ಕಟ್ಟುವುದು, ಹಂದಿಗೂಡು ತೊಳೆಯುವುದು, ಆಮೇಲೆ ಮಗಳಿಗೆ ಗಣಿತ ಹೇಳಿಕೊಡುವುದು ಇಟ್ಟುಕೊಂಡ. ಅವನ ಗಣಿತ ಅಷ್ಟಕ್ಕಷ್ಟೇ, ಅದು ಬೇರೆ ಮಾತು.

ಮನೆಯವರು ದಿನಾ ಬಾಯಿ ಮೂಸಿ ನೋಡುವುದು, ಹಳೆಯದನ್ನೆಲ್ಲ ಎತ್ತಿ ಆಡುವುದು ನಿಲ್ಲಿಸಬೇಕು. ಇದು ನನಗೇ ಕಷ್ಟವಾಯಿತು. ಅಮ್ಮನ ಬಳೆಯ ವಿಷಯ ಇಪ್ಪತ್ತು ಸಲವಾದರೂ ಎತ್ತಿದ್ದೇನೆ.

ಮತ್ತೆ ಕುಡಿದರೆ

ಕುಡಿಯಬಹುದು. ಅಣ್ಣ ಆಸ್ಪತ್ರೆಯಿಂದ ಬಂದ ಏಳನೇ ತಿಂಗಳು ಪುತ್ತರಿ ಸುಗ್ಗಿ ಹಬ್ಬದ ಮಾರನೇ ದಿನ ಕುಡಿದು ಬಂದ. ಎಲ್ಲ ಮುಗಿಯಿತು ಎಂದು ಅತ್ತಿಗೆ ಅತ್ತರು. ಫಾಲೋಅಪ್‌ನಲ್ಲಿ ವೈದ್ಯರು ಮೊದಲೇ ಹೇಳಿದ್ದರು: ಶುಗರ್ ಏರಿದರೆ ಚಿಕಿತ್ಸೆ ಬಿಡುತ್ತೀರಾ, ಬಂದು ಮಾತ್ರೆ ಬದಲಿಸಿಕೊಳ್ಳುತ್ತೀರಿ ಅಲ್ವಾ, ಇದೂ ಹಾಗೆ.

ಡೈಸಲ್ಫಿರಾಮ್ ನುಂಗುತ್ತಿದ್ದು ಕುಡಿದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಉಳಿದವರು ಆ ರಾತ್ರಿ ಜಗಳ ಮಾಡಬೇಡಿ. ಒಂದು ದಿನ ಕುಡಿದದ್ದು ಒಂದೇ ದಿನಕ್ಕೆ ನಿಂತರೆ ಮತ್ತೆ ಅಡ್ಮಿಟ್ ಬೇಕಾಗದೆಯೂ ಇರಬಹುದು. ವಾರ ಎಳೆದರೆ ಮತ್ತೆ ನಡುಕ, ಮತ್ತೆ ಫಿಟ್ಸಿನ ಅಪಾಯ. ಮುಂದಿನ ಭೇಟಿಯ ತಾರೀಖು ಬರಲಿ ಎಂದು ಕಾಯಬೇಡಿ. ನಾವು ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆವು. ಹಳೆಯ ಚೀಟಿಗಳ ಕವರ್ ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಈಗಲೂ ಅಲ್ಲೇ ಇದೆ.